ಮೂರು ತಂಡಕ್ಕೆ ಸಮ ಪಾಯಿಂಟ್ ಬಂದರೆ ಗುಂಪಿನಿಂದ ಮುಂದೆ ಹೋಗುವುದು ಯಾರು? ನಿಯಮ ಬರೆಯಬೇಕಿದೆ, ಸಹಾಯ ಮಾಡಿ

ಬಡಾವಣೆ_ಕಪ್:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಬೇಸಿಗೆ ರಜೆಗೆ 14 ವರ್ಷದೊಳಗಿನ ಮಕ್ಕಳ ಫುಟ್‌ಬಾಲ್ ಟೂರ್ನಮೆಂಟ್ ನಡೆಯುತ್ತದೆ. ಎಂಟು ತಂಡ, ನಾಲ್ಕರಂತೆ ಎರಡು ಗುಂಪು, ಪ್ರತಿ ಗುಂಪಿನ ಮೊದಲ ಎರಡು ತಂಡ ಸೆಮಿಫೈನಲ್‌ಗೆ. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1. ಇದರ ಆಚೆಗೆ ಸಂಘಟಕರು ಏನೂ ಬರೆದಿಟ್ಟಿರಲಿಲ್ಲ. ಕಳೆದ ಸಲ ಅಲ್ಲೇ ಎಡವಟ್ಟಾಯಿತು.

ಒಂದು ಗುಂಪಿನ ಫಲಿತಾಂಶ ನೋಡಿ. ನೀಲಿ ತಂಡ ಕೆಂಪನ್ನು 2-0ಯಿಂದ ಸೋಲಿಸಿತು. ಕೆಂಪು ಹಳದಿಯನ್ನು 3-1ರಿಂದ ಸೋಲಿಸಿತು. ಹಳದಿ ನೀಲಿಯನ್ನು 1-0ಯಿಂದ ಸೋಲಿಸಿತು. ಹಸಿರು ತಂಡದ ಮಕ್ಕಳು ತುಂಬಾ ಚಿಕ್ಕವರು, ಎಲ್ಲರಿಗೂ ಸೋತರು: ನೀಲಿಗೆ 0-1, ಕೆಂಪಿಗೆ 0-1, ಹಳದಿಗೆ 0-6. ಅಂದರೆ ನೀಲಿ, ಕೆಂಪು, ಹಳದಿ ಮೂವರಿಗೂ 6 ಪಾಯಿಂಟ್. ಇರುವುದು ಎರಡೇ ಜಾಗ.

ಪೋಷಕರು ಒಬ್ಬೊಬ್ಬರು ಒಂದೊಂದು ನಿಯಮ ಹೇಳಿದರು. ಒಬ್ಬರು ಗೋಲ್ ಡಿಫರೆನ್ಸ್ ಅಂದರು, ಇನ್ನೊಬ್ಬರು ಯಾರು ಯಾರನ್ನು ಸೋಲಿಸಿದ್ದಾರೆ ಅದನ್ನು ನೋಡಿ ಅಂದರು. ಕೊನೆಗೆ ಗಲಾಟೆ ತಡೆಯಲಾರದೆ ಚೀಟಿ ಎತ್ತಿದರು. ನೀಲಿ ತಂಡದ ಹೆಸರು ಬರಲಿಲ್ಲ. ಚೆನ್ನಾಗಿ ಆಡಿದ ಮಕ್ಕಳು ಚೀಟಿಯಲ್ಲಿ ಸೋತು ಅಳುತ್ತಾ ಮನೆಗೆ ಹೋಗಿದ್ದು ನನಗೆ ಇವತ್ತಿಗೂ ಸಂಕಟ.

ಈ ವರ್ಷ ನಿಯಮ ಬರೆಯುವ ಕೆಲಸ ನನಗೆ ಬಂದಿದೆ. ವಿಶ್ವಕಪ್, ಯೂರೋ, ಏಷ್ಯನ್ ಕಪ್‌ನಲ್ಲೆಲ್ಲ ಇದನ್ನು ಹೇಗೆ ತೀರ್ಮಾನ ಮಾಡುತ್ತಾರೆ? ಮೇಲಿನ ಲೆಕ್ಕದಲ್ಲಿ ನಿಜವಾಗಿ ಯಾರು ಹೋಗಬೇಕಿತ್ತು?

---

ಸೀಟಿ_ಮೇಷ್ಟ್ರು:

ಸರ್, ನಿಮ್ಮ ಪೋಷಕರಲ್ಲಿ ಯಾರೂ ತಪ್ಪು ಹೇಳಿಲ್ಲ. ಎರಡು ಪದ್ಧತಿಗಳೂ ಇವೆ, ಎರಡನ್ನೂ ದೊಡ್ಡ ಟೂರ್ನಮೆಂಟ್‌ಗಳೇ ಬಳಸುತ್ತವೆ. ನಿಮ್ಮ ಗುಂಪನ್ನೇ ಎರಡೂ ರೀತಿ ಲೆಕ್ಕ ಹಾಕೋಣ.

ಮೊದಲು ಒಟ್ಟು ಗೋಲು ವ್ಯತ್ಯಾಸ. ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನು ಕಳೆಯುವುದು, ಅಷ್ಟೇ. ಹಳದಿ 8 ಹೊಡೆದು 3 ಬಿಟ್ಟಿದೆ, ಪ್ಲಸ್ 5. ನೀಲಿ 3 ಹೊಡೆದು 1 ಬಿಟ್ಟಿದೆ, ಪ್ಲಸ್ 2. ಕೆಂಪು 4 ಹೊಡೆದು 3 ಬಿಟ್ಟಿದೆ, ಪ್ಲಸ್ 1. ಹಳದಿ ಮೊದಲು, ನೀಲಿ ಎರಡನೆಯದು, ಕೆಂಪು ಹೊರಗೆ.

ಈಗ ಮುಖಾಮುಖಿ ಲೆಕ್ಕ. ಇದರಲ್ಲಿ ಹಸಿರು ತಂಡದ ಜೊತೆ ಆಡಿದ ಪಂದ್ಯಗಳನ್ನು ಪೂರ್ತಿ ತೆಗೆದುಬಿಡಬೇಕು. ಸಮ ಪಾಯಿಂಟ್ ಇರುವ ಮೂರು ತಂಡ ತಮ್ಮತಮ್ಮಲ್ಲೇ ಆಡಿದ ಮೂರು ಪಂದ್ಯಗಳಿಂದ ಒಂದು ಪುಟ್ಟ ಪಟ್ಟಿ ಮಾಡಬೇಕು. ಅಲ್ಲಿಯೂ ಮೂವರಿಗೂ 3 ಪಾಯಿಂಟ್, ಏಕೆಂದರೆ ಒಬ್ಬರನ್ನೊಬ್ಬರು ಸೋಲಿಸಿದ್ದಾರೆ. ಹಾಗಾಗಿ ಆ ಪುಟ್ಟ ಪಟ್ಟಿಯ ಗೋಲು ವ್ಯತ್ಯಾಸ ನೋಡಬೇಕು. ನೀಲಿ 2-1, ಪ್ಲಸ್ 1. ಕೆಂಪು 3-3, ಸೊನ್ನೆ. ಹಳದಿ 2-3, ಮೈನಸ್ 1. ಇಲ್ಲಿ ನೀಲಿ ಮೊದಲು, ಕೆಂಪು ಎರಡನೆಯದು, ಹಳದಿ ಹೊರಗೆ.

ನೋಡಿದಿರಾ? ಅದೇ ಆರು ಪಂದ್ಯ, ಅದೇ ಗೋಲುಗಳು. ಒಂದು ನಿಯಮದಲ್ಲಿ ಗುಂಪಿಗೇ ಮೊದಲು ಬಂದ ಹಳದಿ ಇನ್ನೊಂದರಲ್ಲಿ ಸೆಮಿಫೈನಲ್‌ಗೇ ಇಲ್ಲ. ಆದರೆ ನೀಲಿ ತಂಡ ಎರಡರಲ್ಲೂ ಒಳಗಿದೆ. ಚೀಟಿ ಎತ್ತಿ ಹೊರಗೆ ಕಳಿಸಿದ್ದು ಎರಡೂ ನಿಯಮದಲ್ಲಿ ಗೆದ್ದ ತಂಡವನ್ನು. ಇದು ಓದಿ ನನಗೂ ಬೇಜಾರಾಯಿತು.

2022ರ ಕತಾರ್ ವಿಶ್ವಕಪ್‌ವರೆಗೆ ಫಿಫಾ ಮೊದಲು ನೋಡುತ್ತಿದ್ದದ್ದು ಒಟ್ಟು ಗೋಲು ವ್ಯತ್ಯಾಸ, ಆಮೇಲೆ ಒಟ್ಟು ಹೊಡೆದ ಗೋಲು, ಅದೂ ಸಮ ಆದರೆ ಮುಖಾಮುಖಿ. ಯೂರೋ ಕಪ್ ಮತ್ತು ಏಷ್ಯನ್ ಕಪ್‌ನಲ್ಲಿ ಪಾಯಿಂಟ್ ಆದ ತಕ್ಷಣ ಮುಖಾಮುಖಿ, ಆಮೇಲೆ ಒಟ್ಟು ಲೆಕ್ಕ. 2026ರ ವಿಶ್ವಕಪ್‌ನ ನಿಯಮದಲ್ಲಿ ಫಿಫಾ ಕೂಡ ಮುಖಾಮುಖಿಯನ್ನೇ ಮುಂದಕ್ಕೆ ತಂದಿದೆ.

ನೀವು ಯಾವುದನ್ನು ಬೇಕಾದರೂ ಆರಿಸಿ. ಮೊದಲ ಪಂದ್ಯದ ಸೀಟಿ ಊದುವ ಮುಂಚೆ ಬರೆದು, ಎಲ್ಲ ತಂಡಕ್ಕೂ ಒಂದೊಂದು ಪ್ರತಿ ಕೊಡಿ. ನನ್ನನ್ನು ಕೇಳಿದರೆ ಮಕ್ಕಳಿಗೆ ಮುಖಾಮುಖಿಯೇ ಸರಿ. ಗೋಲು ವ್ಯತ್ಯಾಸ ಅಂತ ಹೇಳಿದ ಕೂಡಲೇ ಎಲ್ಲ ಕೋಚ್‌ಗಳೂ ಹಸಿರು ತಂಡದ ಪುಟ್ಟ ಮಕ್ಕಳ ಮೇಲೆ ಆರು, ಎಂಟು, ಹತ್ತು ಗೋಲು ಹೊಡೆಸಲು ನಿಲ್ಲುತ್ತಾರೆ. ಅದು ಯಾರಿಗೂ ಒಳ್ಳೆಯದಲ್ಲ.

---

ಗೋಲ್‌ಪೋಸ್ಟ್_ಹಿಂದೆ:

ಮೇಷ್ಟ್ರ ಲೆಕ್ಕ ಪಕ್ಕಾ. ಆದರೆ ಕೊನೆಯ ಮಾತಿಗೆ ನನ್ನ ವಿರೋಧ ಇದೆ.

ಗೋಲು ವ್ಯತ್ಯಾಸದಲ್ಲಿ ಯಾವ ಪಂದ್ಯವೂ ವ್ಯರ್ಥ ಅಲ್ಲ. ಕತಾರ್‌ನ ಇ ಗುಂಪನ್ನೇ ತಗೊಳ್ಳಿ. ಸ್ಪೇನ್ ಮೊದಲ ಪಂದ್ಯದಲ್ಲಿ ಕೋಸ್ಟರಿಕಾ ಮೇಲೆ 7-0 ಗೆದ್ದಿತು. ಆ ದಿನ ಎಲ್ಲರೂ ಇಷ್ಟೊಂದು ಗೋಲು ಯಾಕೆ ಬೇಕಿತ್ತು ಅಂದುಕೊಂಡಿರಬಹುದು. ಕೊನೆಯ ರಾತ್ರಿ ಜಪಾನ್ 2-1ರಿಂದ ಸ್ಪೇನ್‌ನ್ನು ಸೋಲಿಸಿತು, ಅತ್ತ ಜರ್ಮನಿ 4-2ರಿಂದ ಕೋಸ್ಟರಿಕಾ ಮೇಲೆ ಗೆದ್ದಿತು. ಜಪಾನ್‌ಗೆ 6 ಪಾಯಿಂಟ್. ಸ್ಪೇನ್, ಜರ್ಮನಿ ಇಬ್ಬರಿಗೂ 4. ಅವರಿಬ್ಬರ ನಡುವಿನ ಪಂದ್ಯ 1-1 ಡ್ರಾ. ಮುಖಾಮುಖಿಯಿಂದ ಏನೂ ಸಿಗುತ್ತಿರಲಿಲ್ಲ. ಸ್ಪೇನ್ ಪ್ಲಸ್ 6, ಜರ್ಮನಿ ಪ್ಲಸ್ 1, ಜರ್ಮನಿ ಮನೆಗೆ. ಆ ರಾತ್ರಿ ನಡುವೆ ಕೆಲವು ನಿಮಿಷ ಕೋಸ್ಟರಿಕಾ ಕೂಡ 2-1 ಮುಂದಿತ್ತು, ಆಗ ಸ್ಪೇನ್ ಮತ್ತು ಜರ್ಮನಿ ಇಬ್ಬರೂ ಹೊರಗಿದ್ದರು! ಒಂದೊಂದು ಗೋಲಿಗೂ ಪಟ್ಟಿ ತಿರುಗುತ್ತಿದ್ದ ಅಂಥ ರಾತ್ರಿ ಮತ್ತೆ ಸಿಗುವುದು ಕಷ್ಟ.

ಮುಖಾಮುಖಿಯ ತೊಂದರೆ ನೋಡಬೇಕಾದರೆ 2004ರ ಯೂರೋ ನೋಡಿ. ಸ್ವೀಡನ್, ಡೆನ್ಮಾರ್ಕ್, ಇಟಲಿ ಒಂದೇ ಗುಂಪು, ಜೊತೆಗೆ ಬಲ್ಗೇರಿಯಾ. ಇಟಲಿ ಡೆನ್ಮಾರ್ಕ್ ಜೊತೆ 0-0, ಸ್ವೀಡನ್ ಜೊತೆ 1-1 ಆಡಿತ್ತು. ಕೊನೆಯ ದಿನ ಸ್ವೀಡನ್ ಮತ್ತು ಡೆನ್ಮಾರ್ಕ್ 2-2 ಡ್ರಾ ಮಾಡಿಕೊಂಡರೆ ಮೂವರಿಗೂ 5 ಪಾಯಿಂಟ್ ಆಗುತ್ತದೆ, ಮೂವರ ಪುಟ್ಟ ಪಟ್ಟಿಯಲ್ಲಿ ಎಲ್ಲ ಡ್ರಾ, ಹೊಡೆದ ಗೋಲು ಸ್ವೀಡನ್ 3, ಡೆನ್ಮಾರ್ಕ್ 2, ಇಟಲಿ 1. ಅಂದರೆ 2-2 ಆದರೆ ಇಟಲಿ ಬಲ್ಗೇರಿಯಾ ಮೇಲೆ ಹತ್ತು ಗೋಲು ಹೊಡೆದರೂ ಹೊರಗೆ. ಪಂದ್ಯಕ್ಕೆ ಮುಂಚೆಯೇ ಎಲ್ಲರಿಗೂ ಈ ಲೆಕ್ಕ ಗೊತ್ತಿತ್ತು, ಮತ್ತು ಪಂದ್ಯ 2-2ರಲ್ಲೇ ಮುಗಿಯಿತು. ಯಾರೋ ಬೇಕಂತಲೇ ಮಾಡಿದರು ಅಂತ ನಾನು ಹೇಳುತ್ತಿಲ್ಲ, ಡೆನ್ಮಾರ್ಕ್ ಎರಡು ಸಲ ಮುಂದಿತ್ತು, ಸ್ವೀಡನ್ ಕೊನೆಗೆ ಸರಿಗಟ್ಟಿತು. ಆದರೆ ಇಟಲಿ ಕೊನೇ ಗಳಿಗೆಯಲ್ಲಿ ಗೋಲು ಹೊಡೆದು 2-1 ಗೆದ್ದರೂ, ಒಂದೂ ಪಂದ್ಯ ಸೋಲದೆ ಮನೆಗೆ ಹೋಯಿತು. ತನ್ನ ಕೈಯಲ್ಲಿರುವ ಪಂದ್ಯದಿಂದ ಏನೂ ಮಾಡಲು ಆಗದಂಥ ಸ್ಥಿತಿಗೆ ಒಂದು ತಂಡವನ್ನು ತಳ್ಳುವುದು ನ್ಯಾಯ ಅಲ್ಲ ಅಲ್ವಾ?

ಮಕ್ಕಳ ವಿಷಯಕ್ಕೆ ಬಂದರೆ, ದೊಡ್ಡ ಸೋಲು ತಡೆಯಲು ಬೇರೆ ದಾರಿ ಇದೆ. ಒಂದು ಪಂದ್ಯದಲ್ಲಿ ಗೋಲು ವ್ಯತ್ಯಾಸ ಎಷ್ಟೇ ಇರಲಿ, ಪಟ್ಟಿಗೆ 4ಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ ಅಂತ ಬರೆದುಬಿಡಿ.

---

ಪೂರ್ವ_ಗ್ಯಾಲರಿ:

ಇಬ್ಬರೂ ಯೂರೋಪಿನಲ್ಲೇ ಸುತ್ತುತ್ತಿದ್ದೀರಿ. ನಮ್ಮ ತಂಡದ ಕಥೆಯಲ್ಲೇ ಇದೆಲ್ಲ ಇದೆ.

2019ರ ಏಷ್ಯನ್ ಕಪ್, ಯುಎಇಯಲ್ಲಿ. ಭಾರತ ಮೊದಲ ಪಂದ್ಯದಲ್ಲಿ ಥಾಯ್ಲೆಂಡ್ ಮೇಲೆ 4-1 ಗೆದ್ದಿತು, ಛೆಟ್ರಿ ಎರಡು ಗೋಲು. ಎರಡನೆಯದರಲ್ಲಿ ಯುಎಇಗೆ 0-2 ಸೋಲು. ಕೊನೆಯದು ಶಾರ್ಜಾದಲ್ಲಿ ಬಹರೈನ್ ಜೊತೆ. ಒಂದು ಡ್ರಾ ಸಾಕಿತ್ತು. 90 ನಿಮಿಷ ಗೋಲ್‌ಕೀಪರ್ ಗುರ್‌ಪ್ರೀತ್ ಮತ್ತು ಡಿಫೆಂಡರ್‌ಗಳು ಜೀವ ಬಿಟ್ಟು ತಡೆದರು. ಹೆಚ್ಚುವರಿ ಸಮಯದಲ್ಲಿ ಪೆನಾಲ್ಟಿ, 0-1. ಭಾರತ ಗುಂಪಿನಲ್ಲಿ ನಾಲ್ಕನೇ ಸ್ಥಾನ.

ಈಗ ಆ ಪಟ್ಟಿ ನೋಡಿ, ಬೇಕಾದ್ದೆಲ್ಲ ಅದರಲ್ಲಿದೆ. ಯುಎಇ 5 ಪಾಯಿಂಟ್. ಥಾಯ್ಲೆಂಡ್ 4, ಬಹರೈನ್ 4, ಭಾರತ 3. ಥಾಯ್ಲೆಂಡ್ 3 ಹೊಡೆದು 5 ಬಿಟ್ಟಿತ್ತು, ಮೈನಸ್ 2. ಬಹರೈನ್ 2-2, ಸೊನ್ನೆ. ಗೋಲು ವ್ಯತ್ಯಾಸ ಮೊದಲು ನೋಡಿದ್ದರೆ ಬಹರೈನ್ ಎರಡನೆಯದು. ಆದರೆ ಏಷ್ಯನ್ ಕಪ್‌ನಲ್ಲಿ ಮುಖಾಮುಖಿ ಮೊದಲು, ಥಾಯ್ಲೆಂಡ್ ಬಹರೈನ್‌ನ್ನು 1-0 ಸೋಲಿಸಿತ್ತು, ಹಾಗಾಗಿ ಮೈನಸ್ 2 ಇದ್ದ ಥಾಯ್ಲೆಂಡ್ ಎರಡನೆಯದು. ಭಾರತದ ವ್ಯತ್ಯಾಸ ಸೊನ್ನೆ, ಥಾಯ್ಲೆಂಡ್‌ಗಿಂತ ಚೆನ್ನಾಗಿತ್ತು, ಆದರೂ ಕೊನೆಯ ಸ್ಥಾನ. ಪಾಯಿಂಟ್ ಮೊದಲು, ಉಳಿದದ್ದೆಲ್ಲ ಆಮೇಲೆ. ಆ ಪೆನಾಲ್ಟಿ ಇಲ್ಲದಿದ್ದರೆ ಭಾರತ, ಥಾಯ್ಲೆಂಡ್ ಇಬ್ಬರಿಗೂ 4 ಪಾಯಿಂಟ್, ನಾವು ಅವರನ್ನು 4-1 ಸೋಲಿಸಿದ್ದೆವು, ಭಾರತ ಗುಂಪಿನಲ್ಲಿ ಎರಡನೆಯದಾಗಿ ನಾಕೌಟ್‌ಗೆ ಹೋಗುತ್ತಿತ್ತು. ಒಂದೇ ಪೆನಾಲ್ಟಿ ಎರಡನೇ ಸ್ಥಾನದಿಂದ ನಾಲ್ಕಕ್ಕೆ ಇಳಿಸಿತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ನಮ್ಮ ಬೆಂಗಳೂರಿನದೇ. 2023ರ ಸ್ಯಾಫ್ ಚಾಂಪಿಯನ್‌ಶಿಪ್, ಅಂದರೆ ದಕ್ಷಿಣ ಏಷ್ಯಾದ ಟೂರ್ನಮೆಂಟ್, ಕಂಠೀರವದಲ್ಲಿ ನಡೆಯಿತು. ಭಾರತ ಪಾಕಿಸ್ತಾನವನ್ನು 4-0, ನೇಪಾಳವನ್ನು 2-0 ಸೋಲಿಸಿತು. ಕುವೈತ್ ನೇಪಾಳವನ್ನು 3-1, ಪಾಕಿಸ್ತಾನವನ್ನು 4-0 ಸೋಲಿಸಿತು. ಕೊನೆಯ ಪಂದ್ಯ ಭಾರತ-ಕುವೈತ್. ಛೆಟ್ರಿ ಗೋಲಿನಿಂದ ನಾವು 1-0 ಮುಂದಿದ್ದೆವು, ಹೆಚ್ಚುವರಿ ಸಮಯದಲ್ಲಿ ನಮ್ಮದೇ ಆಟಗಾರನಿಂದ ಓನ್ ಗೋಲ್, 1-1. ಇಬ್ಬರಿಗೂ 7 ಪಾಯಿಂಟ್. ಮುಖಾಮುಖಿ ಡ್ರಾ. ಗೋಲು ವ್ಯತ್ಯಾಸ ಇಬ್ಬರಿಗೂ ಪ್ಲಸ್ 6. ಕೊನೆಗೆ ಒಟ್ಟು ಹೊಡೆದ ಗೋಲು: ಕುವೈತ್ 8, ಭಾರತ 7. ಕುವೈತ್ ಮೊದಲು. ಅವತ್ತು ಸ್ಟೇಡಿಯಂನಲ್ಲಿ ನನ್ನ ಸುತ್ತ ಕೂತಿದ್ದ ಎಷ್ಟೋ ಜನಕ್ಕೆ ನಾವು ಯಾಕೆ ಎರಡನೆಯವರು ಅಂತ ಅರ್ಥ ಆಗಲಿಲ್ಲ, ಮೊಬೈಲ್‌ನಲ್ಲಿ ಲೆಕ್ಕ ಹಾಕುತ್ತಾ ನಿಂತಿದ್ದರು. ಇಬ್ಬರೂ ಸೆಮಿಫೈನಲ್‌ಗೆ ಹೋಗುವುದು ಮೊದಲೇ ಗ್ಯಾರಂಟಿ ಆಗಿತ್ತು, ಹಾಗಾಗಿ ನಷ್ಟ ಆಗಲಿಲ್ಲ. ಫೈನಲ್‌ನಲ್ಲಿ ಅದೇ ಕುವೈತ್‌ನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಕಪ್ ನಮ್ಮದೇ ಆಯಿತು.

ನನ್ನ ಓಟು ಮುಖಾಮುಖಿಗೆ. ಎದುರೆದುರು ನಿಂತು ಗೆದ್ದವರು ಮುಂದೆ ಹೋಗಬೇಕು. ಇದಕ್ಕಿಂತ ಸುಲಭವಾಗಿ ಮಕ್ಕಳಿಗೆ ಅರ್ಥ ಆಗುವ ನಿಯಮ ಇಲ್ಲ.

---

ಬಡಾವಣೆ_ಕಪ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀಲಿ ತಂಡ ಎರಡು ಲೆಕ್ಕದಲ್ಲೂ ಒಳಗಿತ್ತು ಅನ್ನುವುದನ್ನು ಓದಿ ಸುಮ್ನೆ ಕೂತುಬಿಟ್ಟೆ. ಆ ತಂಡದ ಕೋಚ್‌ಗೂ ಕಳಿಸಿದ್ದೇನೆ.

ಇನ್ನು ಮೂರು ವಿಷಯ ಕೇಳುತ್ತೇನೆ. ಒಂದು, ಕೊನೆಯ ಎರಡು ಪಂದ್ಯ ಒಂದೇ ಸಮಯಕ್ಕೆ ಆಡಿಸಲೇಬೇಕಾ? ನಮ್ಮಲ್ಲಿರುವುದು ಒಂದೇ ಮೈದಾನ. ಎರಡು, ಎಲ್ಲವೂ ಸಮ ಆದರೆ ಹಳದಿ ಕಾರ್ಡ್ ಲೆಕ್ಕ ಹಾಕುತ್ತಾರಂತೆ, ಅದು ಹೇಗೆ? ಮೂರು, ಈ ವರ್ಷ 12 ತಂಡ ಬರುವ ಹಾಗಿದೆ. ಆಗ ಮೂರು ಗುಂಪಿನಿಂದ ಎಂಟು ತಂಡ ಕ್ವಾರ್ಟರ್ ಫೈನಲ್‌ಗೆ ಹೇಗೆ ತರುವುದು?

---

ಸೀಟಿ_ಮೇಷ್ಟ್ರು:

ಮೊದಲನೆಯದಕ್ಕೆ ನನ್ನ ಉತ್ತರ: ಹೌದು, ಆಡಿಸಲೇಬೇಕು. ಈ ನಿಯಮ ಬಂದದ್ದೇ ಒಂದು ಕೆಟ್ಟ ದಿನದಿಂದ.

1982ರ ವಿಶ್ವಕಪ್ ಸ್ಪೇನ್‌ನಲ್ಲಿ. ಅಲ್ಜೀರಿಯಾ ತನ್ನ ಮೊದಲ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿತ್ತು. ಆಸ್ಟ್ರಿಯಾಗೆ 0-2 ಸೋತು, ಚಿಲಿಯನ್ನು 3-2 ಗೆದ್ದು ತನ್ನ ಪಂದ್ಯಗಳನ್ನು ಮುಗಿಸಿತು. ಮರುದಿನ, ಜೂನ್ 25ರಂದು, ಹಿಹೋನ್ ಊರಿನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಆಡಬೇಕಿತ್ತು. ಅಲ್ಜೀರಿಯಾದ ಲೆಕ್ಕ ಮುಗಿದಿದ್ದರಿಂದ ಇವರಿಬ್ಬರಿಗೂ ಏನು ಬೇಕು ಅಂತ ಸರಿಯಾಗಿ ಗೊತ್ತಿತ್ತು: ಜರ್ಮನಿ ಒಂದು ಅಥವಾ ಎರಡು ಗೋಲಿನಿಂದ ಗೆದ್ದರೆ ಇಬ್ಬರೂ ಮುಂದೆ. ಹತ್ತನೇ ನಿಮಿಷಕ್ಕೆ ಜರ್ಮನಿಯ ಹ್ರುಬೆಶ್ ಗೋಲು ಹೊಡೆದರು. ಉಳಿದ ಹೊತ್ತಿನಲ್ಲಿ ಆಟ ಸತ್ತುಹೋಯಿತು. ಚೆಂಡನ್ನು ತಮ್ಮಲ್ಲೇ ತಿರುಗಿಸುತ್ತಾ, ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಡುತ್ತಾ ಕಾಲ ಕಳೆದರು. ಗ್ಯಾಲರಿಯಲ್ಲಿದ್ದ ಅಲ್ಜೀರಿಯಾದ ಜನ ನೋಟುಗಳನ್ನು ತೋರಿಸಿ ಕೂಗಿದರು. ಅಲ್ಜೀರಿಯಾ ಹೊರಗೆ ಹೋಯಿತು. ಮುಂದಿನ ವಿಶ್ವಕಪ್‌ನಿಂದ, ಅಂದರೆ 1986ರಿಂದ, ಗುಂಪಿನ ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ ಶುರುವಾಗುತ್ತವೆ.

ನಿಮ್ಮದು ಒಂದೇ ಮೈದಾನ ಅಂದರೆ ಅದನ್ನೇ ಅಡ್ಡಕ್ಕೆ ಎರಡು ಮಾಡಿ. 14ರೊಳಗಿನ ಮಕ್ಕಳಿಗೆ ಏಳು ಜನರ ಆಟಕ್ಕೆ ಅರ್ಧ ಮೈದಾನ ಧಾರಾಳ ಸಾಕು. ಸಣ್ಣ ಗೋಲ್‌ಪೋಸ್ಟ್ ಎರಡು ಜೊತೆ, ಇಬ್ಬರು ರೆಫ್ರಿ ಬೇಕು, ಅಷ್ಟೇ. ಆದರೆ ಎಲ್ಲ ಗುಂಪು ಪಂದ್ಯಗಳನ್ನೂ ಅರ್ಧ ಮೈದಾನದಲ್ಲೇ ಆಡಿಸಿ, ಕೊನೆಯ ದಿನ ಮಾತ್ರ ಬದಲಿಸಬೇಡಿ.

ಕಾರ್ಡ್ ವಿಷಯ. ಹಳದಿಗೆ ಮೈನಸ್ 1, ಎರಡು ಹಳದಿಯಿಂದ ಕೆಂಪು ಆದರೆ ಮೈನಸ್ 3, ನೇರ ಕೆಂಪಿಗೆ ಮೈನಸ್ 4, ಹಳದಿ ಇದ್ದವನಿಗೆ ನೇರ ಕೆಂಪು ಬಂದರೆ ಮೈನಸ್ 5. ಒಟ್ಟು ಕಮ್ಮಿ ಕಳೆದುಕೊಂಡವರು ಮೇಲೆ. ವಿಶ್ವಕಪ್‌ನಲ್ಲಿ ಇದರಿಂದ ಮೊದಲು ಹೊರಗೆ ಹೋದದ್ದು ಸೆನೆಗಲ್, 2018ರಲ್ಲಿ. ಜಪಾನ್ ಮತ್ತು ಸೆನೆಗಲ್ ಇಬ್ಬರಿಗೂ 4 ಪಾಯಿಂಟ್, ಇಬ್ಬರೂ 4 ಹೊಡೆದು 4 ಬಿಟ್ಟಿದ್ದರು, ತಮ್ಮ ನಡುವೆ 2-2. ಜಪಾನ್‌ಗೆ 4 ಹಳದಿ, ಸೆನೆಗಲ್‌ಗೆ 6. ಕೊನೆಯ ಪಂದ್ಯದಲ್ಲಿ ಪೋಲೆಂಡ್‌ಗೆ 0-1 ಸೋಲುತ್ತಿದ್ದ ಜಪಾನ್, ಅತ್ತ ಕೊಲಂಬಿಯಾ ಸೆನೆಗಲ್ ಮೇಲೆ ಮುಂದಿದೆ ಅಂತ ತಿಳಿದು ಕೊನೆಯ ಹತ್ತು ನಿಮಿಷ ಚೆಂಡನ್ನು ಹಿಂದೆಯೇ ಆಡಿಸಿತು. ಒಂದೇ ಹೊತ್ತಿಗೆ ಪಂದ್ಯ ಇಟ್ಟರೂ ಇಂಥದ್ದು ಪೂರ್ತಿ ನಿಲ್ಲುವುದಿಲ್ಲ. ಆದರೆ ಅವತ್ತು ಸೆನೆಗಲ್ ಒಂದು ಗೋಲು ಹೊಡೆದಿದ್ದರೆ ಜಪಾನ್ ಕೆಟ್ಟಿತ್ತು. 1982ರಲ್ಲಿ ಆ ಅಪಾಯವೂ ಇರಲಿಲ್ಲ.

ಮಕ್ಕಳ ಟೂರ್ನಮೆಂಟ್‌ಗೆ ಕಾರ್ಡ್ ನಿಯಮ ಒಳ್ಳೆಯದು. ರೆಫ್ರಿ ಮೇಲೆ ಕೂಗಾಡುವ ಕೋಚ್‌ಗೆ ಕೊಟ್ಟ ಕಾರ್ಡನ್ನೂ ತಂಡದ ಲೆಕ್ಕಕ್ಕೆ ಸೇರಿಸಿ.

---

ದೋಹಾ_ಕುಂದಾಪುರ:

ಕಾರ್ಡ್ ಲೆಕ್ಕ ಅಂದ ಕೂಡಲೇ ಬರೆಯಲೇಬೇಕು ಅನ್ನಿಸಿತು. ನಾನು ಕೆಲಸ ಮಾಡುವುದು ದೋಹಾದಲ್ಲಿ. 2022ರ ನವೆಂಬರ್ 30ರ ರಾತ್ರಿ ಮೆಕ್ಸಿಕೊ-ಸೌದಿ ಪಂದ್ಯಕ್ಕೆ ಲುಸೈಲ್ ಸ್ಟೇಡಿಯಂನಲ್ಲಿದ್ದೆ. ಅದೇ ಹೊತ್ತಿಗೆ 974 ಸ್ಟೇಡಿಯಂನಲ್ಲಿ ಅರ್ಜೆಂಟೀನಾ-ಪೋಲೆಂಡ್.

ಮೆಕ್ಸಿಕೊ 2-0 ಮುಂದೆ, ಅತ್ತ ಪೋಲೆಂಡ್ 0-2 ಹಿಂದೆ. ಆ ಗಳಿಗೆಯಲ್ಲಿ ಮೆಕ್ಸಿಕೊ ಮತ್ತು ಪೋಲೆಂಡ್ ಪಾಯಿಂಟ್ ಸಮ, ಗೋಲು ವ್ಯತ್ಯಾಸ ಸಮ, ಹೊಡೆದ ಗೋಲು ಸಮ, ತಮ್ಮ ನಡುವಿನ ಪಂದ್ಯ 0-0. ಉಳಿದದ್ದು ಹಳದಿ ಕಾರ್ಡ್ ಮಾತ್ರ, ಅದರಲ್ಲಿ ಪೋಲೆಂಡ್‌ಗೆ ಕಮ್ಮಿ. ಅಂದರೆ ಮೆಕ್ಸಿಕೊಗೆ ಇನ್ನೊಂದೇ ಗೋಲು ಬೇಕು. ನನ್ನ ಪಕ್ಕದ ಮೆಕ್ಸಿಕೊದವರು ಒಂದು ಕಣ್ಣು ಮೈದಾನದ ಮೇಲೆ, ಒಂದು ಕಣ್ಣು ಫೋನ್ ಮೇಲೆ. ಚೆಂಡು ಬಲೆಗೆ ಬಿದ್ದಾಗಲೂ ಆಫ್‌ಸೈಡ್ ಅಂತ ಹೋಯಿತು. ಮೂರನೇ ಗೋಲಿಗೆ ಎಲ್ಲರೂ ಮುಂದೆ ನುಗ್ಗಿದ್ದಾಗ 95ನೇ ನಿಮಿಷಕ್ಕೆ ಸೌದಿಯ ಸಲೇಂ ಅಲ್-ದೌಸರಿ ಗೋಲು ಹೊಡೆದರು. 2-1. ಕೊನೆಗೆ ಪೋಲೆಂಡ್ ಮುಂದೆ ಹೋದದ್ದು ಒಂದು ಗೋಲಿನ ವ್ಯತ್ಯಾಸದಿಂದ. ಒಂದೇ ಸಮಯಕ್ಕೆ ಎರಡು ಪಂದ್ಯ ಇಟ್ಟರೆ ಆಗುವ ಮಜಾ, ಸಂಕಟ ಎರಡೂ ಅಲ್ಲಿ ಕೂತವರಿಗೇ ಗೊತ್ತು. ನಿಮ್ಮ ಮಕ್ಕಳಿಗೂ ಅದು ಸಿಗಲಿ ಸರ್, ಮೈದಾನ ಅರ್ಧ ಮಾಡಿಯಾದರೂ ಸರಿ.

---

ಗೋಲ್‌ಪೋಸ್ಟ್_ಹಿಂದೆ:

ಮೂರನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. 12 ತಂಡ, ಮೂರು ಗುಂಪು. ಪ್ರತಿ ಗುಂಪಿನ ಮೊದಲ ಎರಡು ತಂಡ, ಒಟ್ಟು ಆರು. ಮೂರನೇ ಸ್ಥಾನ ಬಂದ ಮೂರು ತಂಡಗಳಲ್ಲಿ ಉತ್ತಮ ಎರಡನ್ನು ಸೇರಿಸಿ. ಎಂಟಾಯಿತು. 2026ರ ವಿಶ್ವಕಪ್‌ನ ವ್ಯವಸ್ಥೆಯೂ ಇದೇ, ದೊಡ್ಡ ಅಳತೆಯಲ್ಲಿ: 48 ತಂಡ, 12 ಗುಂಪು, ಮೊದಲ ಎರಡರಂತೆ 24, ಜೊತೆಗೆ ಉತ್ತಮ ಮೂರನೆಯವರು 8, ಒಟ್ಟು 32. ಮೊದಲು ಮೂರು ತಂಡಗಳ 16 ಗುಂಪು ಮಾಡುವ ಯೋಚನೆ ಇತ್ತು. ಮೂವರ ಗುಂಪಿನಲ್ಲಿ ಕೊನೆಯ ಪಂದ್ಯಕ್ಕೆ ಒಂದು ತಂಡ ಸುಮ್ಮನೆ ಕೂತಿರಬೇಕು, ಅಂದರೆ ಮೇಷ್ಟ್ರು ಹೇಳಿದ 1982ರ ಕಥೆಗೆ ಮತ್ತೆ ಬಾಗಿಲು ತೆಗೆದ ಹಾಗೆ. 2023ರಲ್ಲಿ ಅದನ್ನು ಕೈಬಿಟ್ಟರು. ಒಳ್ಳೆಯದೇ ಆಯಿತು.

ಮುಖಾಮುಖಿ ಪಕ್ಷದವರು ಇಲ್ಲಿ ಒಂದು ಗಮನಿಸಿ. ಬೇರೆ ಬೇರೆ ಗುಂಪಿನ ಮೂರನೆಯವರು ಒಬ್ಬರ ಜೊತೆ ಒಬ್ಬರು ಆಡಿಯೇ ಇಲ್ಲ. ಇಲ್ಲಿ ಮುಖಾಮುಖಿ ಕೆಲಸಕ್ಕೇ ಬರುವುದಿಲ್ಲ. ಪಾಯಿಂಟ್, ಒಟ್ಟು ಗೋಲು ವ್ಯತ್ಯಾಸ, ಹೊಡೆದ ಗೋಲು, ಕಾರ್ಡ್, ಈ ಕ್ರಮದಲ್ಲೇ ಹೋಗಬೇಕು. ಗುಂಪುಗಳು ಒಂದೇ ಗಾತ್ರದ್ದಾಗಿರಲಿ. ಒಂದರಲ್ಲಿ ನಾಲ್ಕು ತಂಡ, ಒಂದರಲ್ಲಿ ಐದು ಅಂತ ಮಾಡಿದರೆ ಹೋಲಿಕೆ ಕೆಟ್ಟುಹೋಗುತ್ತದೆ.

ಮೂರನೇ ಸ್ಥಾನದವರು ದುರ್ಬಲರು, ಅವರಿಗೆ ಯಾಕೆ ಅವಕಾಶ ಅಂತ ಯಾರಾದರೂ ಕೇಳಿದರೆ ಎರಡು ಹೆಸರು ಹೇಳಿ. 1994ರ ಇಟಲಿ. ಆ ಗುಂಪಿನಲ್ಲಿ ಮೆಕ್ಸಿಕೊ, ಐರ್ಲೆಂಡ್, ಇಟಲಿ, ನಾರ್ವೆ ನಾಲ್ವರಿಗೂ 4 ಪಾಯಿಂಟ್, ನಾಲ್ವರಿಗೂ ಗೋಲು ವ್ಯತ್ಯಾಸ ಸೊನ್ನೆ! ಮೆಕ್ಸಿಕೊ 3 ಗೋಲು ಹೊಡೆದು ಮೊದಲು, ಐರ್ಲೆಂಡ್ ಮತ್ತು ಇಟಲಿ ಎರಡೆರಡು, ಐರ್ಲೆಂಡ್ ಇಟಲಿಯನ್ನು ಸೋಲಿಸಿದ್ದರಿಂದ ಎರಡನೆಯದು. ನಾರ್ವೆ ಒಂದೇ ಗೋಲು, ಮನೆಗೆ. ಮೂರನೆಯದಾಗಿ ಒಳಬಂದ ಇಟಲಿ ಫೈನಲ್‌ವರೆಗೆ ಹೋಗಿ ಬ್ರೆಜಿಲ್‌ಗೆ ಪೆನಾಲ್ಟಿಯಲ್ಲಿ ಸೋತಿತು. ಎರಡನೆಯದು 2016ರ ಯೂರೋದ ಪೋರ್ಚುಗಲ್. ಗುಂಪಿನ ಮೂರೂ ಪಂದ್ಯ ಡ್ರಾ, 3 ಪಾಯಿಂಟ್, ಮೂರನೇ ಸ್ಥಾನ. ಅವರೇ ಕಪ್ ಗೆದ್ದರು.

---

ಬಡಾವಣೆ_ಕಪ್:

ಈಗ ಬಹುತೇಕ ಸ್ಪಷ್ಟ ಆಯಿತು. ಗುಂಪಿನೊಳಗೆ ಮುಖಾಮುಖಿ ಮೊದಲು, ಮೂರನೆಯವರ ನಡುವೆ ಒಟ್ಟು ಗೋಲು ವ್ಯತ್ಯಾಸ, ಒಂದು ಪಂದ್ಯಕ್ಕೆ ಗರಿಷ್ಠ 4 ಅಂತ ಬರೆಯುತ್ತಿದ್ದೇನೆ. ಇಬ್ಬರ ಮಾತೂ ಉಳಿಯಿತು.

ಕೊನೆಯ ಅನುಮಾನ. ಮೂರು ತಂಡ ಸಮ ಆಗಿ, ಪುಟ್ಟ ಪಟ್ಟಿಯಲ್ಲಿ ಒಂದು ತಂಡ ಮಾತ್ರ ಬೇರೆಯಾಗಿ, ಉಳಿದ ಎರಡು ಆಗಲೂ ಸಮವಾಗಿದ್ದರೆ? ಅಲ್ಲಿಂದ ಒಟ್ಟು ಗೋಲು ವ್ಯತ್ಯಾಸಕ್ಕೆ ಹೋಗಬೇಕಾ, ಅಥವಾ ಆ ಇಬ್ಬರ ಮುಖಾಮುಖಿ ಮತ್ತೆ ನೋಡಬೇಕಾ?

---

ಸೀಟಿ_ಮೇಷ್ಟ್ರು:

ಇದನ್ನು ಕೇಳಿದ್ದು ತುಂಬಾ ಒಳ್ಳೆಯದಾಯಿತು, ಜಗಳ ಹುಟ್ಟುವುದೇ ಇಲ್ಲಿ. ಉಳಿದ ಇಬ್ಬರಿಗೆ ಮೊದಲಿನಿಂದ ಶುರು ಮಾಡಬೇಕು. ಯೂರೋದಲ್ಲಿ ಹಾಗೇ ಮಾಡುತ್ತಾರೆ.

ನಿಮ್ಮ ಬಣ್ಣಗಳಲ್ಲೇ ಒಂದು ಲೆಕ್ಕ. ನೀಲಿ ಕೆಂಪನ್ನು 1-0 ಗೆದ್ದಿದೆ, ಕೆಂಪು ಹಳದಿಯನ್ನು 2-1, ಹಳದಿ ನೀಲಿಯನ್ನು 2-1. ಮೂವರೂ ಹಸಿರನ್ನು ಸೋಲಿಸಿದ್ದಾರೆ. ಪುಟ್ಟ ಪಟ್ಟಿಯಲ್ಲಿ ಮೂವರಿಗೂ 3 ಪಾಯಿಂಟ್, ಮೂವರಿಗೂ ವ್ಯತ್ಯಾಸ ಸೊನ್ನೆ. ಹೊಡೆದ ಗೋಲು ಹಳದಿಗೆ 3, ನೀಲಿಗೆ 2, ಕೆಂಪಿಗೆ 2. ಹಳದಿ ಬೇರೆಯಾಯಿತು, ಮೊದಲ ಸ್ಥಾನ. ನೀಲಿ, ಕೆಂಪು ಇನ್ನೂ ಸಮ. ಈಗ ಹಳದಿಯನ್ನು ಬಿಟ್ಟು ಅವರಿಬ್ಬರ ಪಂದ್ಯ ಮಾತ್ರ ನೋಡಿ: ನೀಲಿ 1-0 ಗೆದ್ದಿದೆ. ನೀಲಿ ಎರಡನೆಯದು. ಇಲ್ಲಿ ಹಾಗೆ ಮಾಡದೆ ಒಟ್ಟು ಗೋಲು ವ್ಯತ್ಯಾಸಕ್ಕೆ ಹಾರಿದರೆ, ಹಸಿರಿನ ಮೇಲೆ ಯಾರು ಜಾಸ್ತಿ ಹೊಡೆದರು ಅನ್ನುವುದೇ ಮತ್ತೆ ತೀರ್ಪು ಆಗುತ್ತದೆ.

ನಿಯಮದ ಕಾಗದದಲ್ಲಿ ಹೀಗೆ ಬರೆಯಿರಿ: "ಸಮ ಪಾಯಿಂಟ್ ಇರುವ ತಂಡಗಳ ನಡುವಿನ ಪಂದ್ಯಗಳಲ್ಲಿ ಪಾಯಿಂಟ್, ಗೋಲು ವ್ಯತ್ಯಾಸ, ಹೊಡೆದ ಗೋಲು ಈ ಕ್ರಮದಲ್ಲಿ ನೋಡಲಾಗುವುದು. ಕೆಲವು ತಂಡ ಬೇರೆಯಾಗಿ ಇನ್ನೂ ಕೆಲವು ಸಮವಾಗಿ ಉಳಿದರೆ, ಉಳಿದವುಗಳಿಗೆ ಮಾತ್ರ ಇದೇ ಕ್ರಮವನ್ನು ಮೊದಲಿನಿಂದ ನೋಡಲಾಗುವುದು. ಆಗಲೂ ಸಮವಾದರೆ ಎಲ್ಲ ಪಂದ್ಯಗಳ ಗೋಲು ವ್ಯತ್ಯಾಸ, ಒಂದು ಪಂದ್ಯಕ್ಕೆ ಗರಿಷ್ಠ 4, ನಂತರ ಒಟ್ಟು ಹೊಡೆದ ಗೋಲು, ನಂತರ ಕಾರ್ಡ್." ಅದೂ ಸಮ ಆದರೆ ಚೀಟಿ ಬೇಡ, ಐದೈದು ಪೆನಾಲ್ಟಿ ಹೊಡೆಸಿ. ಮಕ್ಕಳು ಅಲ್ಲೇ ಮೈದಾನದಲ್ಲಿರುತ್ತಾರೆ, ಆಡಿಯೇ ತೀರ್ಮಾನ ಆಗಲಿ. ಕೆಳಗೆ ಎಲ್ಲ ಕೋಚ್‌ಗಳ ಸಹಿ ಮೊದಲ ದಿನವೇ ಹಾಕಿಸಿಕೊಳ್ಳಿ.